ಇಬ್ಬರ ಗೋಡೆ, ಒಬ್ಬರ ಅರ್ಜಿ

ಮಹಾರಾಷ್ಟ್ರದ ಗಡಿಯೊಳಗೆ, ಜತ್ತದಿಂದ ಶೇಗಾಂವಕ್ಕೆ ಹೋಗುವ ದಾರಿಯಲ್ಲಿರುವ ಒಂದು ಊರಿನಲ್ಲಿ ಹಳೆಯ ಮಣ್ಣಿನ ಮಾಳಿಗೆಯ, ಅಂದರೆ ತೊಲೆಗಳ ಮೇಲೆ ಮಣ್ಣು ಹಾಸಿದ ಚಾವಣಿಯ, ಮನೆಯೊಂದನ್ನು ಕೊಂಡೆ. ನಾನಿರುವುದಕ್ಕಲ್ಲ, ಮಾಳಿಗೆ ತೆಗೆಸಿ, ಸ್ಲ್ಯಾಬ್ ಹಾಕಿಸಿ, ಶಾಲೆಯ ಮಾಸ್ತರರಿಗೆ ಬಾಡಿಗೆಗೆ ಕೊಡುವುದಕ್ಕೆ. ಜತ್ತದಲ್ಲಿ ಹೀಗೆ ಎರಡು ಮನೆ ಮಾಡಿಸಿದ್ದರಿಂದ ಈ ಕೆಲಸ ನನಗೆ ಗೊತ್ತಿದೆ ಎಂದುಕೊಂಡಿದ್ದೆ.

ದುರಸ್ತಿಗೆ ಪಂಚಾಯತಿಯ ಪರವಾನಗಿ ಬೇಕಿತ್ತು. ಮರಾಠಿಯಲ್ಲಿ ಅರ್ಜಿ ಬರೆದೆ, ನಕ್ಷೆ ತೆಗೆಸಿದೆ, ಅಕ್ಕಪಕ್ಕದವರ ಸಹಿ ಪಡೆದೆ. ಪೂರ್ವದ ಗೋಡೆಯ ಆಚೆ ಬಟ್ಟೆ ಹೊಲಿಯುವ ಚಾಚಿಯ ಮನೆ. ಅಲ್ಲಿ ಚಹಾ ಕುಡಿದದ್ದು, ಗೋಡೆಗೆ ಒಟ್ಟಿದ ಕೌದಿಗಳಿಗೆ ಬೆನ್ನು ಕೊಟ್ಟು ಕುಳಿತದ್ದು, ಅವರು ಕನ್ನಡಕ ಹುಡುಕಿ ಸಹಿ ಮಾಡಿದ್ದು ನೆನಪಿದೆ. ಏನು ಮಾತಾಡಿದೆವು ಎಂಬುದು ನೆನಪಿಲ್ಲ. ಆ ದಿನದ ಡೈರಿಯಲ್ಲಿರುವುದು ಇಷ್ಟೇ: ಚಾಚಿಯ ಸಹಿ ಆಯಿತು. ಸೆಕೆ.

ಪರವಾನಗಿ ಬಂತು. ಮಾಳಿಗೆ ಇಳಿಸಿದ ಮೇಲೆ ಕಟ್ಟಡ ಕೆಲಸದ ಗೌಂಡಿ ಪೂರ್ವದ ಗೋಡೆಯನ್ನು ತಟ್ಟಿ ನೋಡಿದ.

"ಅಕ್ಕಾರ, ಇದು ಸ್ಲ್ಯಾಬ್ ತಡಿಯಂಗಿಲ್ರಿ. ಇಳಿಸಿ ಇಟ್ಟಂಗಿ ಕಟ್ಟೂನು."

"ಇರಲಿ ಅಂತ ಬಿಟ್ಟರ?"

"ಒಳಗ ಇನ್ನೊಂದು ಗ್ವಾಡಿ ಕಟ್ಟಬೇಕು. ಖರ್ಚೂ ಭಾಳ, ಖೋಲಿನೂ ಸಣ್ಣದಾಕ್ಕೈತಿ. ಮಾಸ್ತರ ಕಾಲು ನೀಡಿ ಮಲಗಿದ್ರ ಬಾಗಲಾ ಹಾಕಾಕ ಬರೂದಿಲ್ಲ."

ಇಳಿಸು ಎಂದೆ. ಗೋಡೆ ನನ್ನದೆಂಬುದರಲ್ಲಿ ಸಂಶಯವಿರಲಿಲ್ಲ. ದೀಪ, ಡಬ್ಬಿ ಇಡುವ ಗೋಡೆಯೊಳಗಿನ ಮಾಡಗಳು ನನ್ನ ಕಡೆಗೆ ತೆರೆದಿದ್ದವು. ಮಾಡ ಯಾರ ಕಡೆಗೋ ಗೋಡೆ ಅವರದು ಎಂಬುದು ನಮ್ಮ ಕಡೆಯ ನಂಬಿಕೆ. ಅರ್ಜಿಯಲ್ಲೂ ಸ್ವಂತದ್ದೆಂದೇ ಬರೆದಿದ್ದೆ. ಗೌಂಡಿ ಮೇಲಿನ ಎರಡು ಸಾಲು ಕಲ್ಲು ತೆಗೆದಾಗ ಆಚೆಯಿಂದ ಬಂದ ತೊಲೆಗಳ ತುದಿಗಳು ಕಂಡವು. ಚಾಚಿಯ ಮಾಳಿಗೆ ಇದೇ ಗೋಡೆಯ ಮೇಲೆ ಕುಳಿತಿತ್ತು.

ಅವರ ಮನೆಗೆ ಓಡಿದೆ. ಚಾಚಿ ಹೊಲಿಗೆ ಯಂತ್ರದ ಮೇಲೆ ಬಿದ್ದ ಮಣ್ಣು ಒರೆಸುತ್ತಿದ್ದರು. ನನ್ನನ್ನು ಕಂಡು ಕೌದಿಗಳನ್ನು ಒಂದೊಂದಾಗಿ ನೆಲಕ್ಕಿಳಿಸಿದರು. ಅವುಗಳ ಹಿಂದೆ, ಅದೇ ಗೋಡೆಯಲ್ಲಿ, ಮೂರು ಮಾಡಗಳಿದ್ದವು. ಎರಡೂ ಕಡೆ ಮಾಡವಿದ್ದರೆ ಗೋಡೆ ಇಬ್ಬರದು.

"ತಪ್ಪಾತ್ರಿ ಚಾಚಿ. ನಿಮಗ ಕೇಳಲಾರದ ಕೈ ಹಚ್ಚಿದೆ."

"ಕೇಳಲಾರದ? ಆವತ್ತ ನೀವ ಹೇಳಿದ್ರೆಲ್ಲಾ! ಗ್ವಾಡಿ ಇಳಸೂದಾದ್ರ ನಿಮ್ಮ ತೊಲಿಗೆ ಕಂಬಾ ಕೊಟ್ಟು, ನನ್ನ ಖರ್ಚಿನ್ಯಾಗ ಕಟ್ಟಿ ಕೊಡ್ತೀನಿ ಅಂದ್ರಿ. ಅದಕ್ಕ ಸಹಿ ಮಾಡೀನಿ. ಕಂಬಾ ಎಲ್ಲಿ?"

ಆಚೆಯಿಂದ ಗೌಂಡಿ ಕೂಗಿದ: "ಅಂಜಬ್ಯಾಡ್ರಿ ಚಾಚಿ, ತೊಲಿ ಗಟ್ಟಿ ಅದಾವು."

"ಹಂಗಾದ್ರ ನೀನ ಬಂದು ಇದರ ಕೆಳಗ ಮಲಕೋ!"

ಗೌಂಡಿ ಗೋಡೆಯ ಮಾತೆತ್ತಿದ್ದು ಸಹಿಯಾದ ಮೇಲೆ. ಹಾಗಿದ್ದರೆ ನಾನು ಮೊದಲೇ ಹೇಗೆ ಹೇಳಿರಬಲ್ಲೆ? ಅಥವಾ ಮನೆ ನೋಡಲು ಬಂದ ಮೊದಲ ದಿನವೇ ಅವನು ಹೇಳಿದ್ದನೇ? ಖರ್ಚು ಉಳಿಸುವಂಥದ್ದನ್ನು ಮಾತ್ರ ನಾನು ನೆನಪಿಟ್ಟುಕೊಳ್ಳುತ್ತೇನೆಯೇ? ಇಡೀ ಗೋಡೆ ನನ್ನ ಮೇಲೆ ಬಿದ್ದರೆ ಎಷ್ಟೋ ವರ್ಷದ ಬಾಡಿಗೆ ಅದಕ್ಕೇ ಹೋಗುತ್ತಿತ್ತು. ಹಾಗಂತ ಅವರ ಸೂರಿನ ಕೆಳಗೆ ನಿಂತು ವಾದ ಮಾಡದೆ, ಕೆಲಸ ನಿಲ್ಲಿಸಿ ಪಂಚಾಯತಿಗೆ ಹೋದೆ.

"ದುರಸ್ತಿ ಪರವಾನಗಿ ಮ್ಯಾಲ ಇಬ್ಬರ ಗ್ವಾಡಿ ಇಳಸಾಕ ಬರೂದಿಲ್ರಿ ಮ್ಯಾಡಂ. ಹೊಸಾ ಅರ್ಜಿ ಕೊಡ್ರಿ," ಎಂದರು ಗ್ರಾಮಸೇವಕರು. ಖರ್ಚು ಯಾರದು ಎಂದು ಬರೆಯಬೇಕಾದಲ್ಲಿ ಪೆನ್ನು ನಿಂತಿತು. ಅರ್ಧರ್ಧ ಎಂದರೆ ಚಾಚಿ ಸುಳ್ಳು ಹೇಳಿದರು ಎಂದಂತೆ. ನನ್ನದು ಎಂದರೆ ಬಹುಶಃ ಆಡದ ಮಾತನ್ನು ಒಪ್ಪಿಕೊಂಡಂತೆ. ನನ್ನದು ಎಂದು ಬರೆದೆ. ಬರೆಯುತ್ತಿದ್ದಂತೆಯೇ, ಅಂದು ಲೋಟ ಕೆಳಗಿಟ್ಟು ಹಾಗೆ ಹೇಳಿದ್ದು ನೆನಪಾಯಿತು. ಅದು ಅಂದಿನ ನೆನಪೋ, ಆ ಗಳಿಗೆಯಲ್ಲಿ ಹುಟ್ಟಿದ್ದೋ, ಈಗಲೂ ತಿಳಿಯದು.

ಹೊಸ ಅರ್ಜಿ ಒಯ್ದರೆ ಚಾಚಿ ಮುಟ್ಟಲಿಲ್ಲ.

"ಮೊದಲ ಕಂಬಾ ನಿಲ್ಲಸ್ರಿ."

ಗೌಂಡಿ ಎರಡು ಕಂಬ ತಂದು ತೊಲೆಗಳ ಕೆಳಗೆ ನಿಲ್ಲಿಸಿ, ಬುಡಕ್ಕೆ ಬೆಣೆ ಹೊಡೆದ. ಚಾಚಿ ಒಂದೊಂದನ್ನೂ ಎರಡು ಕೈಯಿಂದ ಅಲುಗಾಡಿಸಿ ನೋಡಿದರು. ಆಮೇಲೆ, "ತರ್ರಿ, ಎಲ್ಲಿ ಸಹಿ ಮಾಡ್ಲಿ?" ಎಂದರು.