ಎರಡೂ ಕೈಯಲ್ಲಿ ಕೊಟ್ಟದ್ದು

ಕೋ ಸುನ್‌ದೊಕ್ ಹದಿನೈದನೇ ವಯಸ್ಸಿನಿಂದ ಕೊರಿಯಾದ ಜೆಜು ದ್ವೀಪದ ಕಡಲಲ್ಲಿ ಮುಳುಗಿ ಚಿಪ್ಪು ಕಿತ್ತವರು. ಅರವತ್ತೊಂಬತ್ತು ತುಂಬಿದಾಗಲೂ ಹನ್ನೆರಡು ಮೀಟರ್ ಆಳಕ್ಕಿಳಿದು, ಒಂದೂವರೆ ನಿಮಿಷ ಉಸಿರು ಕಟ್ಟಿ ಮೇಲೆ ಬರುತ್ತಿದ್ದರು. ನಮ್ಮೂರಲ್ಲಿ ಅಷ್ಟು ಆಳಕ್ಕೆ ಹೋಗುವ ಹೆಂಗಸರು ಐದೇ ಜನ. ದಡದಲ್ಲಿ ಬೆಂಕಿಗೆ ಮೈ ಕಾಯಿಸುವಾಗ ಹೊಗೆ ಬಾರದ ಕಡೆ ಆ ಐವರು ಕೂರಬೇಕು, ಉಳಿದವರು ಹೊಗೆಯ ಕಡೆ. ಇದನ್ನು ಯಾರೂ ಬರೆದಿಟ್ಟಿಲ್ಲ. ಯಾರೂ ತಪ್ಪಿಯೂ ಇಲ್ಲ. ಗಂಡನನ್ನು ಮಣ್ಣು ಮಾಡಿದ ವಾರಕ್ಕೇ ಸುನ್‌ದೊಕ್ ನೀರಿಗಿಳಿದಿದ್ದರು. ಮನೆಯಲ್ಲಿ ಕೂತರೆ ತಾನು ಯಾರೆಂಬುದೇ ಮರೆತುಹೋಗುತ್ತದೆ ಎಂದಿದ್ದರಂತೆ.

ಸೊಸೆ ಲೊವಾನ್ ವಿಯೆಟ್ನಾಮಿನ ಮೀನುಗಾರರ ಮಗಳು. ಅವಳಿಗೆ ಮುಳುಗುವುದನ್ನು ಕಲಿಸಿದ್ದು ಅತ್ತೆಯೇ. ಲೊವಾನ್ ಎಲ್ಲವನ್ನೂ ಬಾಯಿಬಿಟ್ಟು ಕೇಳುವವಳು. ಸುನ್‌ದೊಕ್ ಕೇಳುವ ಮೊದಲೇ ತಿಳಿಯಬೇಕು ಎನ್ನುವವರು.

"ಅಕ್ಕಾ, ನಿಮ್ಮ ಸೊಸೆ ಆಕ್ಟೋಪಸ್ಸನ್ನೂ ಊಟ ಆಯ್ತಾ ಅಂತ ಕೇಳ್ಬಿಟ್ಟೇ ಹಿಡಿಯೋದು," ಎಂದು ಗುಂಪಿನ ಮುಂದಾಳು ಬು ಮಾಲ್‌ಜಾ ಒಮ್ಮೆ ಕೆಣಕಿದಳು.

"ಆಕ್ಟೋಪಸ್ ಆದ್ರೂ ಉತ್ತರ ಕೊಡುತ್ತೆ. ನಿನ್ನ ಗಂಡ ಕೊಡ್ತಾನಾ?" ಎಂದರು ಸುನ್‌ದೊಕ್.

ಆ ಚಳಿಗಾಲದಲ್ಲಿ ಸುನ್‌ದೊಕ್ ಅವರ ಕಿವಿ ಕೆಟ್ಟಿತು. ಆಳಕ್ಕಿಳಿದರೂ ನೋವಿಗೆ ಹೆಚ್ಚು ಹೊತ್ತು ನಿಲ್ಲಲಾಗದೆ, ಬಲೆಚೀಲ ಹಗುರಾಗಿಯೇ ಮೇಲೆ ಬರುತ್ತಿತ್ತು. ಎಲ್ಲರಿಗೂ ಕಾಣುತ್ತಿತ್ತು, ಯಾರೂ ಆಡಲಿಲ್ಲ. ಅವರ ಚೀಲ ತೂಗುವ ಹೊತ್ತಿಗೆ ಪ್ರತಿಯೊಬ್ಬರಿಗೂ ಬಟ್ಟೆ ಹಿಂಡುವ ಕೆಲಸ ಬಂದುಬಿಡುತ್ತಿತ್ತು. ಲೊವಾನ್‌ಗೆ ಇದು ಉದಾಸೀನವಾಗಿ ಕಂಡಿತು.

ಕಸುವು ಕುಂದಿದ ಮುದುಕಿಯರ ಚೀಲಕ್ಕೆ ಕಿರಿಯರು ತಮ್ಮ ಪಾಲಿನ ಒಂದೆರಡು ಚಿಪ್ಪು ಹಾಕುವುದು ಇಲ್ಲಿನ ಪದ್ಧತಿ. ಲೊವಾನ್ ಅದನ್ನು ನೋಡಿ ಮೆಚ್ಚಿಕೊಂಡಿದ್ದಳು. ತಾವಾಗಿಯೇ ಆಳ ಬಿಟ್ಟು ದಡದ ನೀರಿಗೆ ಬಂದವರಿಗೆ ಮಾತ್ರ ಹಾಗೆ ಹಾಕುತ್ತಾರೆ ಎಂಬುದನ್ನು ಗಮನಿಸಿರಲಿಲ್ಲ. ಮೇ ತಿಂಗಳ ಒಂದು ದಿನ ಅವಳಿಗೆ ಜೊನ್‌ಬೊಕ್ ಎಂಬ ದುಬಾರಿ ಚಿಪ್ಪು ಎರಡು ಸಿಕ್ಕವು, ಅಂಗೈಗಿಂತ ದೊಡ್ಡವು. ಬೆಂಕಿಯ ಸುತ್ತ ಎಲ್ಲರೂ ಕೂತಿದ್ದಾಗ ಅತ್ತೆಯ ಮುಂದೆ ತಲೆಬಾಗಿ, ಇಲ್ಲಿ ಕಲಿತಂತೆ ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು. ಅವಳ ತವರಿನಲ್ಲಿ ಹಿರಿಯರಿಗೆ ಕೊಡುವುದನ್ನು ನಾಲ್ಕು ಜನರೆದುರೇ ಕೊಡಬೇಕು. ಅದೇ ಅವರಿಗೆ ಮರ್ಯಾದೆ.

ಉಳಿದವರೆಲ್ಲ ಬಟ್ಟೆ ಹಿಂಡತೊಡಗಿದರು. ಸುನ್‌ದೊಕ್ ಸೊಸೆಯ ಕೈಯಿಂದ ಅವನ್ನು ತೆಗೆದುಕೊಂಡು, ಚೆನ್ನಾಗಿ ಬೆಳೆದಿವೆ ಎಂದರು. ಲೊವಾನ್ ಅಂದೆಲ್ಲ ಖುಷಿಯಾಗಿದ್ದಳು.

ಮರುದಿನ ಸುನ್‌ದೊಕ್ ಹೊಗೆಯ ಕಡೆ ಹೋಗಿ ಕೂತರು. ಅದರ ಮರುದಿನ ಮುದುಕಿಯರ ಜೊತೆ ಸೊಂಟದುದ್ದದ ನೀರಿಗಿಳಿದರು. ಲೊವಾನ್ ಗಾಬರಿಯಾಗಿ ಮಾಲ್‌ಜಾಳನ್ನು ಕೇಳಿದಳು.

"ನಮಗೂ ಕಣ್ಣಿತ್ತು ಕಣಮ್ಮ," ಎಂದಳು ಮಾಲ್‌ಜಾ. "ಅವರೇ ಆ ಜಾಗ ಬಿಟ್ಟು ಏಳೋವರೆಗೂ ಕಾಣದ ಹಾಗೆ ಇರ್ಬೇಕಿತ್ತು."

ಅವರನ್ನು ಮತ್ತೆ ಆಳಕ್ಕೆ ಕರೆಯಿರಿ ಎಂದು ಲೊವಾನ್ ಅಂಗಲಾಚಿದಳು.

"ನಾನು ಕರೆದ್ರೆ ಕನಿಕರ ಪಟ್ಟ ಹಾಗಾಗುತ್ತೆ. ಅದಕ್ಕಿಂತ ಹೊಗೇನೇ ವಾಸಿ ಅಂತಾರೆ ಅವರು."

ಮನೆಗೆ ಬಂದು ಅತ್ತು ಕ್ಷಮೆ ಕೇಳಿದಾಗ ಅತ್ತೆ, ಏನೂ ಆಗಿಲ್ಲ, ಊಟ ಮಾಡು ಎಂದರು. ಆ ಮಾತನ್ನು ಹಾಗೇ ನಂಬಬಾರದು ಎನ್ನುವಷ್ಟು ಲೊವಾನ್ ಆಗ ಕಲಿತಿದ್ದಳು. ನಂಬದೆ ಏನು ಮಾಡಬೇಕೆಂಬುದು ಮಾತ್ರ ತಿಳಿದಿರಲಿಲ್ಲ.

ಸೆಪ್ಟೆಂಬರ್ ಮುಗಿಯುವಷ್ಟರಲ್ಲಿ ಸುನ್‌ದೊಕ್ ನೀರಿಗಿಳಿಯುವುದನ್ನೇ ಬಿಟ್ಟರು. ಐವತ್ತನಾಲ್ಕು ವರ್ಷದ ಕೆಲಸ ಹಾಗೆ, ಯಾರಿಗೂ ಹೇಳದೆ ಮುಗಿಯಿತು.

ನವೆಂಬರಿನಲ್ಲಿ ಅತ್ತೆ ಸೊಸೆ ಅಂಗಳದಲ್ಲಿ ಕೂತು ಕಿತ್ತಳೆ ಬೇರ್ಪಡಿಸುತ್ತಿದ್ದರು. ಸೊಸೆ ಕೇಳದೆಯೇ ಸುನ್‌ದೊಕ್ ಬಾಯಿಬಿಟ್ಟರು.

"ಆವತ್ತು ನನಗೆ ತುಂಬ ನೋವಾಯ್ತು, ಲೊವಾನ್. ಇನ್ನೆರಡು ವರ್ಷ ಆಳಕ್ಕೆ ಹೋಗ್ಬೇಕು ಅಂತಿದ್ದೆ."

ನೋವನ್ನು ಹೀಗೆ ಹೆಸರಿಟ್ಟು ಹೇಳುವುದು ಅವರ ರೀತಿಯಲ್ಲ, ಸೊಸೆಯ ರೀತಿ. ಗಂಡನೆದುರು ಕೂಡ ಅವರು ಹಾಗೆ ಮಾತಾಡಿದವರಲ್ಲ. ಲೊವಾನ್ ಈ ಸಲ ಏನನ್ನೂ ಕೇಳದೆ, ಅತ್ತೆಯ ಕೈಗೆ ಬಗ್ಗದೆಯೇ ಎಟುಕುವಂತೆ ಬುಟ್ಟಿಯನ್ನು ಸರಿಸಿಟ್ಟು, ತಲೆ ತಗ್ಗಿಸಿ ಕೊಳೆತ ಹಣ್ಣುಗಳನ್ನು ಆಚೆಗೆ ಹಾಕತೊಡಗಿದಳು.