ಎಲೆ-ಅಡಿಕೆಯ ನಕಾಶೆ

ನನ್ನ ಅಣ್ಣನ ಕಣ್ಣಿಗೆ ಕೆಂಪು, ಹಸಿರು ಎರಡೂ ಒಂದೇ. ಅವ್ವನ ಅಪ್ಪನಿಗೂ ಹಾಗೇ ಇತ್ತಂತೆ. ಇದನ್ನು ಮುಚ್ಚಿಟ್ಟೇ ಅಪ್ಪ ನನಗೆ ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಸ್ಥರ ಮನೆಯ ಗಂಡು ಗೊತ್ತುಮಾಡಲು ಹೊರಟಿದ್ದ. ಬಣ್ಣ ನೋಡಿ ಮಾಲಿಗೆ ಬೆಲೆ ಕಟ್ಟುವ ಮಂದಿ ಅವರು! ಎಂಥ ಧೈರ್ಯ ನೋಡಿ.

ಯುದ್ಧದ ಕಾಲ. ಹುಡುಗ ಮತ್ತು ಅವನ ತಾಯಿ ರೈಲಿಳಿದು ರಾಣೆಬೆನ್ನೂರಿನ ನಮ್ಮ ಮನೆಗೆ ಬಂದರು. ಹುಡುಗ ಧಾರವಾಡದಲ್ಲಿ ವಿಜ್ಞಾನ ಓದುತ್ತಿದ್ದ. ಒಂದೇ ನೋಟಕ್ಕೆ ನನಗೆ ಒಪ್ಪಿಗೆಯಾದ. ಈ ವಯಸ್ಸಿನಲ್ಲಿ ಹೇಳಲು ನಾಚಿಕೆಯೇನು? ಅವನ ತಾಯಿ ಹಿತ್ತಲಿನ ಮೆಣಸಿನ ಗಿಡ ನೋಡಿ ಅಣ್ಣನಿಗೆ, "ತಮ್ಮಾ, ನಾಕು ಕೆಂಪನ್ನ ಹಣ್ಣು ಹರಕೊಂಡು ಬಾ" ಎಂದರು. ಅಣ್ಣ ಬೊಗಸೆ ತುಂಬ ಹಸಿರು ಕಾಯಿ ತಂದ.

ಆಕೆಗೆ ಕೂಡಲೇ ತಿಳಿಯಿತು. "ನಾಳೆ ಇಕಿ ಮಕ್ಕಳೂ ಹಿಂಗ ಆದ್ರ ನಮ್ಮ ಅಂಗಡ್ಯಾಗ ಕುಂದ್ರೋರು ಯಾರು? ಏಳೋ, ಹೋಗೂಣು." ಅಪ್ಪನ ಮುಖ ಇಷ್ಟು ಸಣ್ಣದಾಯಿತು. ನನಗಂತೂ ಅಣ್ಣನ ಮೇಲೆ ಕೆಂಡದಂಥ ಸಿಟ್ಟು.

ಹುಡುಗ ಏಳಲಿಲ್ಲ. ತಾಂಬೂಲದ ತಟ್ಟೆ ಎಳೆದುಕೊಂಡು, ಅವ್ವನನ್ನು ಒಬ್ಬೊಬ್ಬರ ಬಗ್ಗೆ ಕೇಳಿ ಕೇಳಿ, ಗಂಡಸರಿಗೆ ಅಡಿಕೆ, ಹೆಂಗಸರಿಗೆ ಎಲೆ ಇಡುತ್ತ ನಮ್ಮ ವಂಶವನ್ನೇ ಜಮಖಾನೆಯ ಮೇಲೆ ಹರಡಿದ. ಬಣ್ಣ ತಿಳಿಯದವರ ಪಕ್ಕ ಒಂದೊಂದು ಲವಂಗ.

"ನೋಡವ್ವಾ, ಅಜ್ಜನ ಗುಣ ಮಗಳ ಒಳಗ ಸುಮ್ಮನ ಕುಂತಿರತೈತಿ. ಆಕಿಗೇನೂ ಆಗೂದಿಲ್ಲ. ಮೊಮ್ಮಗಗ ಬರತೈತಿ, ಇಲ್ಲಾ ಬಿಡತೈತಿ. ಇಂಥಾ ಗುಣ, ಇಂಥಾ ರೋಗ ಮೈಯಾಗ ಎಲ್ಲೆಲ್ಲಿ ಅದಾವಂತ ಪರದೇಶದಾಗ ನಕಾಶೆ ಮಾಡಾಕತ್ತಾರ."

ನಾನು ತಡೆಯಲಾರದೆ ಕೇಳಿಬಿಟ್ಟೆ. "ನನ್ನ ಮಕ್ಕಳಿಗೆ ಬರತೈತೇನ್ರಿ?"

"ಬರಬಹುದು. ಸುಳ್ಳು ಹೇಳಂಗಿಲ್ಲ."

ಆ ಮಾತಿಗೇ ಹುಡುಗ ಇನ್ನಷ್ಟು ಇಷ್ಟವಾದ.

ಅವನ ತಾಯಿ ಆ ನಕಾಶೆಯನ್ನೇ ನೋಡುತ್ತ ಕುಳಿತುಬಿಟ್ಟರು. ಆಮೇಲೆ ತಟ್ಟೆಯಿಂದ ಒಂದು ಎಲೆ ತೆಗೆದು ಬೇರೆ ಇಟ್ಟರು. "ಇದು ನಾ." ಅದರ ಮೇಲೊಂದು ಅಡಿಕೆ. "ನಮ್ಮಪ್ಪ." ಅಡಿಕೆಯ ಪಕ್ಕ ಲವಂಗ ಇಡುವಾಗ ನಗು ತಡೆಯದೆ ಬಾಯಿಗೆ ಸೆರಗು ಒತ್ತಿಕೊಂಡರು. ಮಗ ಬಾಯಿ ಬಿಟ್ಟು ನೋಡಿದ.

"ನೀ ಪಾರಾಗೀದಿ ಬಿಡೋ. ತವರುಮನಿ ಅಂಗಡ್ಯಾಗ ನಮ್ಮಪ್ಪನ ಬಗಲಾಗ ಕುಂತು ನಾನ ಬಣ್ಣ ಹೇಳತಿದ್ನಿ. ಯಾರಿಗೂ ತಿಳೀಬಾರದಂತ ಅಂಜಿ ಅಂಜಿ ಬಾಳಿದಿವಿ. ಆದ್ರ ಧಂದೆ ಒಂದು ದಿನಾನೂ ನಿಲ್ಲಲಿಲ್ಲ." ನನ್ನ ಕಡೆ ತಿರುಗಿದರು. "ನಾಳೆ ಹಂಗೇನರ ಆದ್ರ ನಿನ್ನ ಮಗನ ಬಗಲಾಗ ನೀ ಕುಂದರಬೇಕಾಗತೈತಿ. ಆಗತೈತೇನವಾ?"

"ಆಗತೈತ್ರಿ!" ಎಂದೆ, ಇಡೀ ಓಣಿಗೆ ಕೇಳುವ ಹಾಗೆ.