ಲೂಯಿಸಿಯಾನಾದಲ್ಲಿ ಸೆವ್ರಿನ್ ಆಂಟಿ ಹೇಳಿದ ಸುಳ್ಳು

ಸೆವ್ರಿನ್ ಆಂಟಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಕೆಲವರಿಗೆ ಈಜು ಬರುವುದಿಲ್ಲವಲ್ಲ, ಹಾಗೆ. ಬೆಂಗಳೂರಿನಿಂದ ಲಂಡನ್ನಿನ ಹೌನ್ಸ್ಲೋಗೆ ಬಂದ ಹೊಸದರಲ್ಲಿ, ಯುಗಾದಿಗೆ ಒಬ್ಬಟ್ಟು ಮಾಡಿ ಎದುರು ಫ್ಲ್ಯಾಟಿನ ಅವರಿಗೆ ಕೊಟ್ಟು ಬಂದಿದ್ದೆ. ಮರುದಿನ ಡಬ್ಬಿ ತೊಳೆದು, ಬರಿದೇ ಕೊಡಬಾರದೆಂದು ಒಳಗೆ ನಿಂಬೆಹಣ್ಣು ಹಾಕಿ ತಂದರು.

"ಹೇಗಿತ್ತು ಆಂಟಿ?"

"ಚಂದ ಇರ್ಲಿಲ್ಲ ಮಗಾ. ಹೂರಣ ನೀರು, ಮೇಲಿನದ್ದು ಚರ್ಮದ ಹಾಗೆ. ಮುಂದಿನ ಸಲ ನನ್ನನ್ನು ಕರಿ, ಒಟ್ಟಿಗೆ ಮಾಡುವ."

ನನಗೆ ಬೇಸರಪಟ್ಟುಕೊಳ್ಳಲೂ ಬಿಡದೆ ಒಳಗೆ ಬಂದು ಕೂತು ಚಹಾ ಕೇಳಿದರು.

ಅವರು ಉಡುಪಿ ಹತ್ತಿರದ ಶಿರ್ವದವರು, ಮನೆಮಾತು ಕೊಂಕಣಿ. ಲಂಡನ್ನಿನ ಹೆರಿಗೆ ವಾರ್ಡುಗಳಲ್ಲಿ ನರ್ಸ್ ಆಗಿದ್ದು ನಿವೃತ್ತರಾಗಿದ್ದರು. ಗಂಡ ತೀರಿಕೊಂಡಿದ್ದರು, ಮಕ್ಕಳು ಲಂಡನ್ನಿನ ಇನ್ನೊಂದು ಬದಿಯ ಕ್ರೋಯ್ಡನ್ನಿನಲ್ಲಿದ್ದರು. ವಿಮಾನ ನಿಲ್ದಾಣ ಹತ್ತಿರವೇ ಇತ್ತು; ನಮ್ಮ ತಲೆಯ ಮೇಲೆ ವಿಮಾನ ಹಾದುಹೋಗುವಾಗ ಆಂಟಿ ಮಾತು ನಿಲ್ಲಿಸಿ, ಸದ್ದು ಅಡಗಿದ ಮೇಲೆ ಬಿಟ್ಟ ಪದದಿಂದಲೇ ಮುಂದುವರಿಸುವರು. ಒಂದು ಭಾನುವಾರ ಪೂಜೆ ಮುಗಿದ ಮೇಲೆ ಪಾದ್ರಿಗಳನ್ನು ಚರ್ಚಿನ ಬಾಗಿಲಲ್ಲೇ ಹಿಡಿದು, "ಫಾದರ್, ಇವತ್ತು ನಿಮ್ಗೆ ಪ್ರಸಂಗ ಮುಗಿಸ್ಲಿಕ್ಕೆ ಎರಡು ಒಳ್ಳೆ ಜಾಗ ಸಿಕ್ಕಿತ್ತು, ಎರಡನ್ನೂ ಬಿಟ್ರಿ" ಎಂದಿದ್ದರು. ಜನ ಸಿಟ್ಟಾಗುತ್ತಿದ್ದರು. ಆದರೆ ಹೊಸ ಸೀರೆ ಒಪ್ಪುತ್ತದೋ ಇಲ್ಲವೋ ಎಂದು ತಿಳಿಯಬೇಕಾದರೆ ಅವರಲ್ಲಿಗೇ ಬರುತ್ತಿದ್ದರು.

ಅವರಿಗೊಬ್ಬಳು ಗೆಳತಿ ಇದ್ದಳು, ಒಡೆಟ್. ಲೂಯಿಸಿಯಾನಾದ ಕಪ್ಪು ಹೆಂಗಸು. ಅಮೆರಿಕದ ವಾಯುಪಡೆಯಲ್ಲಿದ್ದ ಗಂಡನ ಜೊತೆ ಇಂಗ್ಲೆಂಡಿಗೆ ಬಂದು, ಆಂಟಿಯ ವಾರ್ಡಿನಲ್ಲೇ ಕೆಲಸಕ್ಕಿದ್ದಳಂತೆ. ಆಂಟಿಗೆ ಚೊಚ್ಚಲ ಹೆರಿಗೆಯಾದಾಗ ಊರಿನಿಂದ ತಾಯಿಗೆ ಬರಲಾಗಲಿಲ್ಲ. ದಿನಾ ಸಂಜೆ ಬಂದು ಮಗುವಿಗೆ ಸ್ನಾನ ಮಾಡಿಸಿ, ಬಾಣಂತಿಗೆ ಬಿಸಿಯಾಗಿ ಉಣಬಡಿಸಿದವಳು ಒಡೆಟ್. ಆಮೇಲೆ ಅವಳು ಊರಿಗೆ ಮರಳಿದಳು. ಪ್ರತಿ ಕ್ರಿಸ್ಮಸ್‌ಗೆ ಫೋನ್ ಮಾತ್ರ ತಪ್ಪುತ್ತಿರಲಿಲ್ಲ. ಒಂದು ಕ್ರಿಸ್ಮಸ್‌ಗೆ ಅವಳ ಮಗಳು ಸಿಮೋನ್ ಫೋನ್ ಎತ್ತಿ, ಅಮ್ಮನಿಗೆ ಈಗ ಯಾರ ನೆನಪೂ ನಿಲ್ಲುವುದಿಲ್ಲ ಎಂದಳು.

"ಹೋಗಿಯೇ ನೋಡ್ಬೇಕು" ಎಂದರು ಆಂಟಿ. ಮಕ್ಕಳು, ಈ ವಯಸ್ಸಿನಲ್ಲಿ, ಈ ಹೃದಯ ಇಟ್ಟುಕೊಂಡು ಅಷ್ಟು ದೂರ ಬೇಡವೆಂದರು. ಕೊನೆಗೆ ನಾನು ಜೊತೆಗೆ ಹೊರಟೆ. ನನಗೆ ರಜೆ ಇತ್ತು. ಅವರನ್ನು ತಡೆಯುವ ಶಕ್ತಿ ಇರಲಿಲ್ಲ.

ವಸಂತದಲ್ಲಿ ಹೋದೆವು. ಅಮೆರಿಕವೆಂದರೆ ನನ್ನ ಮನಸ್ಸಿನಲ್ಲಿ ಬೇರೇನೋ ಚಿತ್ರವಿತ್ತು. ಅಲ್ಲಿದ್ದದ್ದು ಸೆಕೆ, ಸೊಳ್ಳೆ, ಏಡಿ, ಬೆಂಡೆಕಾಯಿ, ಹೊತ್ತುಹೊತ್ತಿಗೆ ಅನ್ನ. ಊರುಗಳಿಗೆಲ್ಲ ಫ್ರೆಂಚ್ ಹೆಸರು. ಭಾನುವಾರದ ಪೂಜೆಯಲ್ಲಿ ಮುಂದಿನ ಬೆಂಚಿನಲ್ಲಿ ಸಿಗಡಿ ಹಿಡಿಯುವ ವಿಯೆಟ್ನಾಮೀ ಸಂಸಾರ, ಪಕ್ಕದಲ್ಲಿ ಹಳೆಯ ಫ್ರೆಂಚ್ ಮಾತಾಡುವ ಬಿಳಿಯ ಮುದುಕ, ಹಿಂದೆ ಸ್ಪ್ಯಾನಿಷ್ ಮಾತಾಡುವ ಹುಡುಗಿಯರು, ಹಾಡುವವರು ಒಡೆಟ್‌ಳ ನೆಂಟರು. "ಇದೆಂತದು, ನಮ್ಮ ಹೌನ್ಸ್ಲೋ ಬಸ್ಸಿನ ಹಾಗೆಯೇ ಉಂಟು" ಎಂದು ಆಂಟಿ ನನ್ನ ಕಿವಿಯಲ್ಲಿ ಹೇಳಿದರು. "ಆದ್ರೆ ಇಲ್ಲಿ ಒಬ್ಬರಿಗೊಬ್ಬರು ಮಾತಾಡ್ತಾರೆ."

ಒಡೆಟ್ ಎತ್ತರದ, ನೆಟ್ಟಗೆ ಕೂರುವ ಹೆಂಗಸು. ಆಂಟಿಯನ್ನು ನೋಡಿ ಮರ್ಯಾದೆಯಿಂದ ನಕ್ಕಳು, ಗುರುತು ಹಿಡಿಯಲಿಲ್ಲ. ಆಂಟಿ ಆಸ್ಪತ್ರೆಯ ಹೆಸರು ಹೇಳಿದರು, ಮಗುವಿನ ಹೆಸರು ಹೇಳಿದರು, ಪ್ರಯೋಜನವಾಗಲಿಲ್ಲ. ಮರುದಿನ ಬೆಳಿಗ್ಗೆ ಅವಳೆದುರು ಕುರ್ಚಿ ಎಳೆದುಕೊಂಡು, "ನಾನು ಸೆವ್ರಿನ್. ಲಂಡನ್ನಿನಿಂದ ಬಂದಿದ್ದೇನೆ" ಎಂದು ಹೊಸದಾಗಿ ಪರಿಚಯ ಹೇಳಿಕೊಂಡರು. ಮಧ್ಯಾಹ್ನದೊಳಗೆ ಇಬ್ಬರೂ ಬೆಂಡೆಕಾಯಿ ಹೆಚ್ಚುತ್ತ ನಗುತ್ತಿದ್ದರು. ಅದರ ಮರುದಿನವೂ ಹಾಗೆಯೇ.

ಆದರೆ ಆ ದಿನ ಒಡೆಟ್ ಚಾಕು ಕೆಳಗಿಟ್ಟು, "ಕ್ಲೆಮೆಂಟ್ ಎಲ್ಲಿ? ಇನ್ನೂ ಬಂದಿಲ್ಲ" ಎಂದಳು. ಕ್ಲೆಮೆಂಟ್ ಅವಳ ಗಂಡ. ಹೋಗಿ ಬಹಳ ವರ್ಷಗಳಾಗಿದ್ದವು.

"ಅವನು ತೀರಿಹೋಗಿದ್ದಾನೆ ಒಡೆಟ್" ಎಂದರು ಆಂಟಿ, ಅವಳ ಕೈ ಹಿಡಿದು.

ಒಡೆಟ್‌ಳಿಂದ ಹೊರಟ ಕೂಗು ಆಗತಾನೇ ಸುದ್ದಿ ಕೇಳಿದವಳದು. ಸಿಮೋನ್ ಓಡಿಬಂದಳು. ತಾಯಿಯನ್ನು ಮಲಗಿಸುವಷ್ಟರಲ್ಲಿ ಸಂಜೆಯಾಗಿತ್ತು. ಆಮೇಲೆ ಅಡುಗೆಮನೆಗೆ ಬಂದು ಹೇಳಿದಳು: "ನಿಮಗೆ ಅದು ನಿಜ. ಅಮ್ಮ ಅದನ್ನು ಮತ್ತೆ ಮೊದಲಿನಿಂದ ಅನುಭವಿಸಬೇಕು. ದಯವಿಟ್ಟು ಇನ್ನೊಮ್ಮೆ ಹೇಳಬೇಡಿ."

ಆಂಟಿ ಅಂದು ಊಟ ಮಾಡಲಿಲ್ಲ. ವರಾಂಡದಲ್ಲಿ ಕೂತು, "ಹುಟ್ಟುವವರ ಕೆಲಸ ಮಾಡಿದವಳು ನಾನು. ಮರೆಯುವವರದ್ದು ಕಲೀಲಿಲ್ಲ ಮಾರಾಯ್ತಿ" ಎಂದರು.

ಮರುದಿನ ಒಡೆಟ್ ಮತ್ತೆ ಕೇಳಿದಳು. ನಾನೂ ಸಿಮೋನ್‌ಳೂ ಆಂಟಿಯತ್ತ ನೋಡಿದೆವು. ಆಂಟಿಯ ಮುಖ ಕೆಂಪಾಯಿತು. "ಏಡಿ ಹಿಡೀಲಿಕ್ಕೆ ಹೋಗಿದ್ದಾನೆ" ಎಂದರು.

"ಈ ಬಿಸಿಲಲ್ಲಾ?"

"ಟೋಪಿ ಹಾಕ್ಕೊಂಡು ಹೋಗಿದ್ದಾನೆ" ಎಂದರು ಆಂಟಿ. ಅಷ್ಟು ಹೇಳಿ ಎದ್ದು ಬಚ್ಚಲಿಗೆ ಹೋದವರು ಎಷ್ಟೋ ಹೊತ್ತು ಹೊರಗೆ ಬರಲಿಲ್ಲ.

ಹೌನ್ಸ್ಲೋಗೆ ಮರಳಿದ ವಾರವೇ ಚರ್ಚಿಗೆ ಪಾಪನಿವೇದನೆಗೆ ಹೋದರು. ನಾನು ಹೊರಗೆ ಕಾಯುತ್ತಿದ್ದೆ. ಗೊಣಗುತ್ತಲೇ ಬಂದರು. "ಸುಳ್ಳು ಹೇಳಿದ್ದೇನೆ ಅಂದ್ರೆ ಅದು ಪಾಪ ಅಲ್ಲ ಅಂತಾರೆ ಫಾದರ್. ಹಾಗಾದ್ರೆ ಇಷ್ಟು ವರ್ಷ ನಾನು ಊರವರಿಂದೆಲ್ಲ ಬೈಸಿಕೊಂಡದ್ದು ಎಂತಕ್ಕೆ?" ಅದಾದ ಮೇಲೂ ಅವರು ಬದಲಾಗಲಿಲ್ಲ. ನನ್ನ ಒಬ್ಬಟ್ಟಿಗೆ ಮುಂದಿನ ಯುಗಾದಿಯಲ್ಲೂ ಪಾಸು ಸಿಗಲಿಲ್ಲ.

ಆ ವರ್ಷದ ಚಳಿಗಾಲದಲ್ಲಿ ಅವರ ಹೃದಯ ಕೈಕೊಟ್ಟಿತು. ನಾನು ಆಸ್ಪತ್ರೆಗೆ ಹೋದಾಗ ಮಕ್ಕಳು ಕಾಫಿಗೆಂದು ಕೆಳಗೆ ಹೋಗಿದ್ದರು. ಆಂಟಿ ನನ್ನನ್ನು ಹತ್ತಿರ ಕರೆದರು.

"ನಾನು ಮನೆಗೆ ಹೋಗುದಿಲ್ಲ ಅಲ್ವಾ?"

ಡಾಕ್ಟರು ಹೇಳಿದ್ದು ನನಗೆ ಗೊತ್ತಿತ್ತು. "ಇಲ್ಲ ಆಂಟಿ" ಎಂದೆ.

ಅವರು ದಿಂಬಿಗೊರಗಿ ಕಣ್ಣು ಮುಚ್ಚಿಕೊಂಡರು. "ದೇವ್ರು ನಿಂಗೆ ಒಳ್ಳೇದು ಮಾಡ್ಲಿ. ಬೆಳಗ್ಗಿಂದ ಎಲ್ಲರೂ ಈಸ್ಟರ್‌ಗೆ ಮನೆಗೆ ಹೋಗುವ, ಮನೆಗೆ ಹೋಗುವ ಅಂತ ತಲೆ ತಿಂದ್ರು." ಆಮೇಲೆ ಯಾವ ಸೀರೆ ಉಡಿಸಬೇಕು, ಯಾವ ಹಾಡು ಹಾಡಬೇಕು, ಫಾದರ್‌ಗೆ ಎಷ್ಟು ಮಾತಾಡಲು ಬಿಡಬೇಕು ಎಂದೆಲ್ಲ ಹೇಳಿದರು. ನಾನು ಏಳುವಾಗ ಕೈ ಹಿಡಿದುಕೊಂಡರು.

"ಒಡೆಟ್‌ಗೆ ಮಾತ್ರ ಹೇಳ್ಬೇಡ. ಕೇಳಿದ್ರೆ, ಸೆವ್ರಿನ್ ಬರ್ತಾಳೆ ಅಂತ ಹೇಳ್ಲಿಕ್ಕೆ ಸಿಮೋನ್‌ಗೆ ಹೇಳು."

ಅವರನ್ನು ಮಣ್ಣು ಮಾಡಿ ಬಂದ ಸಂಜೆ ಸಿಮೋನ್‌ಗೆ ಫೋನ್ ಮಾಡಿದೆ. ಆಂಟಿ ಹೇಳಿ ಕಳಿಸಿದ ಮಾತನ್ನೂ ಹೇಳಿದೆ. ಹಿಂದಿನಿಂದ ಒಡೆಟ್, ಯಾರದು ಫೋನು ಎಂದು ಕೇಳುವುದು ಕೇಳಿಸಿತು.

"ಲಂಡನ್ನಿನಿಂದ, ಅಮ್ಮ" ಎಂದಳು ಸಿಮೋನ್. "ಸೆವ್ರಿನ್ ಬರ್ತಾಳಂತೆ."

"ಸರಿ" ಎಂದಿತು ಆ ದನಿ. "ಹಾಗಾದರೆ ಅಕ್ಕಿ ಸ್ವಲ್ಪ ಹೆಚ್ಚು ಹಾಕು."